ಬೇಸ್‌ಲೈನ್ ಸರಿಪಡಿಸುತ್ತಿದ್ದ ಒಂದು ಸಾಲು

ಕಳೆದ ಜುಲೈನಲ್ಲಿ, ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಮುಠಾ ನದಿಗೆ ನೀರು ಬಿಟ್ಟು ಪುಣೆಯ ಭಿಡೆ ಸೇತುವೆ ಮುಳುಗಿದ್ದ ವಾರದಲ್ಲಿ, ಬೆಳ್ಳಿಯ ನ್ಯಾನೊಕಣಗಳ ಬಗ್ಗೆ ಒಂದು ತಪ್ಪು ಸಂಖ್ಯೆಯನ್ನು ನಾನು ಇನ್ನೇನು ಸಭೆಯ ಮುಂದಿಡುವವನಿದ್ದೆ. ಅದನ್ನು ತಡೆದದ್ದು ನನ್ನ ಎಚ್ಚರವಲ್ಲ, ನಮ್ಮ ಪ್ರಯೋಗಾಲಯಕ್ಕೆ ವಿಜಯಪುರದಿಂದ ಬಂದು ಆರು ತಿಂಗಳೂ ಆಗಿರದ ವಿದ್ಯಾರ್ಥಿನಿಯೊಬ್ಬಳ ಒಂದು ಪ್ರಶ್ನೆ. ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಮನಸ್ಸು ಚುರುಕ್ಕೆನ್ನುತ್ತದೆ.

ನಾವು ಪುಣೆಯಲ್ಲಿ ಮಾಡುವ ಕೆಲಸ ಝಡ್-ಸ್ಕ್ಯಾನ್. ಮನ್ಸೂರ್ ಶೇಖ್-ಬಹಾಯಿ ಮತ್ತು ಸಂಗಡಿಗರು 1990ರಲ್ಲಿ ವಿವರವಾಗಿ ಪ್ರಕಟಿಸಿದ ಈ ವಿಧಾನದಲ್ಲಿ ಮಾದರಿಯನ್ನು ಲೇಸರ್‌ನ ಫೋಕಸ್ ದಾಟಿಸುತ್ತಾ, ಹಾದುಹೋಗುವ ಬೆಳಕು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅಳೆಯುತ್ತೇವೆ. ನಮ್ಮದು 532 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್, ಸೆಕೆಂಡಿಗೆ 10 ಪಲ್ಸ್ (ಬೆಳಕಿನ ಮಿಡಿತ). ಆರು ವರ್ಷಗಳಿಂದ ನಾನು ಹೆಚ್ಚಾಗಿ ಅಳೆದದ್ದು ಸಿಟ್ರೇಟ್‌ನಿಂದ ಮಾಡಿದ ಚಿನ್ನದ ನ್ಯಾನೊಕಣಗಳ ಕೆಂಪು ದ್ರಾವಣಗಳನ್ನು. ಅವುಗಳ ಪ್ಲಾಸ್ಮಾನ್ ಶಿಖರ, ಅಂದರೆ ಅವು ಬೆಳಕನ್ನು ಅತಿ ಹೆಚ್ಚು ಹೀರುವ ತರಂಗಾಂತರ, 520 ನ್ಯಾನೊಮೀಟರಿನ ಆಸುಪಾಸಿನಲ್ಲಿರುವುದರಿಂದ ನಮ್ಮ ಲೇಸರ್ ಸರಿಯಾಗಿ ಅದರ ಹೆಗಲ ಮೇಲೆ ಬೀಳುತ್ತದೆ. ಫೋಕಸ್ ಹತ್ತಿರವಾದಂತೆ ಹೀರಿಕೆ ತಗ್ಗಿ ಬೆಳಕು ಹೆಚ್ಚು ದಾಟುತ್ತದೆ, ತೀವ್ರತೆ ಇನ್ನೂ ಏರಿದರೆ ಅದು ತಿರುಗಿ ಕುಸಿಯುತ್ತದೆ. ಏನೇ ಆದರೂ ಈ ಅಳತೆಯ ರೇಖೆಯ ಎರಡು ತುದಿಗಳಾದ ಎಡತೋಳು ಮತ್ತು ಬಲತೋಳು ಒಂದೇ ಮಟ್ಟಕ್ಕೆ ಬಂದು ನಿಲ್ಲಬೇಕು. ಬೆಳಕು ಹೀರಿ ಕಾಯ್ದ ಎಲೆಕ್ಟ್ರಾನುಗಳು ಕೆಲವೇ ಪಿಕೊಸೆಕೆಂಡುಗಳಲ್ಲಿ ತಮ್ಮ ಶಾಖವನ್ನು ಲೋಹದ ಜಾಲಕ್ಕೆ ಒಪ್ಪಿಸುತ್ತವೆ, ಜಾಲ ಅದನ್ನು ನೀರಿಗೆ ದಾಟಿಸುವುದಕ್ಕೂ ಹೆಚ್ಚು ಹೊತ್ತು ಬೇಕಿಲ್ಲ. ಮುಂದಿನ ಪಲ್ಸ್ ಬರುವುದು 100 ಮಿಲಿಸೆಕೆಂಡ್ ಕಳೆದ ಮೇಲೆ. ಅಷ್ಟರಲ್ಲಿ ಕಣಕ್ಕೆ ಹಿಂದಿನ ಪಲ್ಸಿನ ನೆನಪೇ ಉಳಿದಿರಬಾರದು.

ಇದನ್ನೆಲ್ಲ ಬಲ್ಲ ನಾನೇ ಎಡವಿದೆ. ಮಳೆಗಾಲದಲ್ಲಿ ನಮ್ಮ ಕೋಣೆಯ ಎಸಿ ಪದೇಪದೇ ಕೈಕೊಡುತ್ತದೆ, ಲೇಸರ್‌ನ ಶಕ್ತಿ ನಿಧಾನವಾಗಿ ಜಾರುತ್ತದೆ, ರೇಖೆ ಓರೆಯಾಗುತ್ತದೆ. ಚಿನ್ನದ ಅಳತೆಗಳಲ್ಲಿ ಇದರಿಂದ ಬೇಸತ್ತು, ಎರಡೂ ತುದಿಗಳನ್ನು ಒಂದು ಗೆರೆಯಿಂದ ಜೋಡಿಸಿ ಆ ಓರೆಯನ್ನು ಕಳೆಯುವ, ಅಂದರೆ ಬೇಸ್‌ಲೈನ್ ಸರಿಪಡಿಸುವ, ಒಂದು ಸಾಲನ್ನು ನನ್ನ ಪೈಥಾನ್ ಸ್ಕ್ರಿಪ್ಟಿನಲ್ಲಿ ಸೇರಿಸಿಬಿಟ್ಟಿದ್ದೆ. ಆ ವಾರ ಸಹಯೋಗಿಗಳು ಕಳಿಸಿದ್ದು ಬೆಳ್ಳಿಯ ತ್ರಿಕೋನ ಫಲಕಗಳು. ದುಂಡನೆಯ ಬೆಳ್ಳಿಕಣಗಳು 400 ನ್ಯಾನೊಮೀಟರ್ ಆಸುಪಾಸಿನಲ್ಲಿ ಹೀರಿಕೊಂಡು ಹಳದಿಯಾಗಿ ಕಂಡರೆ, ಈ ಫಲಕಗಳ ದ್ರಾವಣ ಅಚ್ಚ ನೀಲಿ. ಸ್ಕ್ರಿಪ್ಟಿನಿಂದ ಹೊರಬಂದ ರೇಖೆಯ ನಡುವೆ ಎತ್ತರದ ಶಿಖರ, ಎರಡೂ ಕಡೆ ಸಮನಾದ ತೋಳುಗಳು. ಇಷ್ಟು ದೊಡ್ಡ ಸ್ಯಾಚುರಬಲ್ ಅಬ್ಸಾರ್ಪ್ಷನ್ (ತೀವ್ರ ಬೆಳಕಿನಲ್ಲಿ ಹೀರಿಕೆ ತಗ್ಗುವ ಗುಣ) ಚಿನ್ನದಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ. ಸಂತೋಷದಿಂದ ಸ್ಲೈಡ್ ಮಾಡಿಟ್ಟೆ. ಸಭೆ ನಾಲ್ಕು ಗಂಟೆಗಿತ್ತು.

ಮೂರೂವರೆಗೆ ಆ ವಿದ್ಯಾರ್ಥಿನಿ ಕಚ್ಚಾ ಫೈಲನ್ನು ತೆರೆದುಕೊಂಡು ಬಂದಳು. "ಸರ್, ಬಲಗಡೆ ತುದಿ 1.17ಕ್ಕ ನಿಂತೈತಿ, ಕೆಳಗ ಇಳಿದೇ ಇಲ್ಲ. ಅದೇ ಜಾಗಾದಾಗ ಹೊಳ್ಳಿ ಒಂದ್ಸಲ ಸ್ಕ್ಯಾನ್ ಮಾಡೀರೇನ್ರಿ?"

ಮಾಡಿರಲಿಲ್ಲ. ಆರಂಭದಲ್ಲಿ ದಾಟುವ ಬೆಳಕನ್ನು 1 ಎಂದು ಹಿಡಿಯುತ್ತೇವೆ, ಬಲತುದಿಯೂ ಅಲ್ಲಿಗೇ ಮರಳಬೇಕಿತ್ತು. ದ್ರಾವಣ ತುಂಬಿದ ಪುಟ್ಟ ಪಾರದರ್ಶಕ ಪಾತ್ರೆ, ಕ್ಯುವೆಟ್, ಇನ್ನೂ ಸ್ಟೇಜಿನ ಮೇಲೇ ಇತ್ತು. ಅದನ್ನು ಮುಟ್ಟದೆ, +20 ಮಿಲಿಮೀಟರಿನಿಂದ ಹಿಂದಕ್ಕೆ ಓಡಿಸಲು ಕೊಟ್ಟೆವು. 81 ಬಿಂದು, ಒಂದೊಂದಕ್ಕೂ 50 ಪಲ್ಸ್, ಒಟ್ಟು ಎಂಟು ನಿಮಿಷ. ಮೊದಲ ಬಿಂದು 1.17ರಲ್ಲೇ ಬಿತ್ತು. ಎರಡನೆಯದೂ ಅಲ್ಲೇ. ಶಕ್ತಿ ಜಾರಿದ್ದರಿಂದ ಹೀಗಾಗಿರಬಹುದೆಂದು ಲೇಸರಿನ ಶಕ್ತಿಯನ್ನು ನೇರವಾಗಿ ಅಳೆಯುವ ರೆಫರೆನ್ಸ್ ಡಯೋಡ್ ನೋಡಿದೆ, ಅದು ಕದಲಿರಲಿಲ್ಲ. ಫೋಕಸ್ ಸಮೀಪಿಸಿದಾಗ ಏನಾದರೂ ಏಳುತ್ತದೆ ಎಂದು ನಾನು ಕಾಯುತ್ತಿದ್ದೆ, ನಿಜ ಹೇಳಬೇಕೆಂದರೆ ಏಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ಏನೂ ಏಳಲಿಲ್ಲ. ಶಿಖರವಿದ್ದ ಜಾಗವನ್ನು ಬಿಂದುಗಳು ಸಪಾಟಾಗಿ ದಾಟಿಹೋದವು.

ಲೇಸರ್ ನಿಲ್ಲಿಸಿ, ಒಂದು ಮಿಲಿಮೀಟರಿನ ಆ ಕ್ಯುವೆಟ್ಟನ್ನು ಮೆಲ್ಲನೆ ತೆಗೆದು ಬಿಳಿ ಹಾಳೆಯೆದುರು ಹಿಡಿದೆವು. ನೀಲಿಯ ನಡುವೆ ಸಾಸಿವೆ ಕಾಳಿನಷ್ಟು ಜಾಗ ಮಸುಕಾದ ಹಳದಿಗೆ ತಿರುಗಿತ್ತು. ಕೈ ತುಸು ಅಲುಗಿದ್ದೇ ತಡ, ಅದು ನೀಲಿಯಲ್ಲಿ ಕರಗಿ ಕಾಣದಾಯಿತು. ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಾದರೂ ತ್ರಿಕೋನದ ಚೂಪು ಮೂಲೆಗಳು ಅದಕ್ಕೆ ಬಹಳ ಮೊದಲೇ ದುಂಡಗಾಗುತ್ತವೆ. ಪಲ್ಸುಗಳು ಫಲಕಗಳನ್ನು ಗುಂಡುಗಳಾಗಿಸಿದ್ದವು, ಗುಂಡುಗಳು 532ರಲ್ಲಿ ಅಷ್ಟಾಗಿ ಹೀರುವುದಿಲ್ಲ, ಆದ್ದರಿಂದಲೇ ಬೆಳಕು ಹೆಚ್ಚು ದಾಟಿತ್ತು. ನಾನು ಅಳೆದದ್ದು ಬೆಳಕಿನ ತೀವ್ರತೆಗೆ ತಕ್ಕಂತೆ ಹೀರಿಕೆ ಬದಲಾಗುವ ಮಾದರಿಯ ಅರೇಖೀಯ ಗುಣವನ್ನಲ್ಲ, ಅದು ಹಾಳಾಗುತ್ತಿದ್ದ ವೇಗವನ್ನು. ಆ ಹಾಳನ್ನು ತೋರಿಸುತ್ತಿದ್ದ ಏಕೈಕ ಗುರುತಾದ ಓರೆಯನ್ನು ನನ್ನ ಸಾಲೇ ಅಳಿಸಿಹಾಕಿತ್ತು. ಸ್ಕ್ಯಾನಿನ ಬಳಿಕ ಯುವಿ-ವಿಸ್ (ಯಾವ ಬಣ್ಣ ಎಷ್ಟು ಹೀರಲ್ಪಡುತ್ತದೆ ಎಂಬ ಅಳತೆ) ತೆಗೆದಿದ್ದರೂ ಇದು ಸಿಗುತ್ತಿರಲಿಲ್ಲ, ಏಕೆಂದರೆ ಆ ಯಂತ್ರವಿರುವ ಪಕ್ಕದ ಕಟ್ಟಡಕ್ಕೆ ಒಯ್ಯುವಷ್ಟರಲ್ಲಿ ಆ ಚುಕ್ಕೆ ಉಳಿದ ದ್ರಾವಣದಲ್ಲಿ ಬೆರೆತುಹೋಗಿರುತ್ತಿತ್ತು.

ಸಭೆಯಲ್ಲಿ ಸ್ಲೈಡ್ ತೆಗೆದು, ಎರಡೂ ಕಚ್ಚಾ ರೇಖೆಗಳನ್ನು ಒಂದರ ಮೇಲೊಂದಿಟ್ಟು ತೋರಿಸಿದೆ. ಸಹಯೋಗಿಗಳು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಕೇಳಿಸಿಕೊಂಡರು. ಬೇಸರಪಟ್ಟವರು ನಮ್ಮ ಮೇಲಿನವರು, ಏಕೆಂದರೆ ಆ ಸಂಖ್ಯೆ ಆಗಲೇ ತ್ರೈಮಾಸಿಕ ವರದಿಯ ಕರಡಿಗೆ ಸೇರಿಹೋಗಿತ್ತು. ವರದಿಗೆ ತಿಂಗಳಿಗಿಷ್ಟು ಮಾದರಿ ಎಂದು ಗುರಿ ಗೊತ್ತುಮಾಡುವವರು, ಪ್ರತಿ ಪಲ್ಸಿಗೂ ಹೊಸ ದ್ರಾವಣ ಸಿಗುವಂತೆ ಮಾಡುವ ಫ್ಲೋ ಸೆಲ್ ಮತ್ತು ಪಂಪಿನ ಇಂಡೆಂಟಿಗೆ ಒಂದು ಸಹಿ ಹಾಕಲು ಹನ್ನೊಂದು ತಿಂಗಳು ತೆಗೆದುಕೊಳ್ಳುವುದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ.

ಮರುವಾರ ಶಕ್ತಿಯನ್ನು 50 ಮೈಕ್ರೊಜೂಲಿನಿಂದ 2ಕ್ಕೆ ಇಳಿಸಿ, ಪ್ರತಿ ಸ್ಕ್ಯಾನಿಗೂ ಹೊಸ ಜಾಗ ಆರಿಸಿಕೊಂಡು ಅಳೆದಾಗ ತೋಳುಗಳು ಕೂಡಿದವು. ಉಳಿದ ಸಂಕೇತ ಬಹಳ ಸಣ್ಣದಾದರೂ ಅದು ಬೆಳ್ಳಿಯದೇ. ಸ್ಕ್ರಿಪ್ಟಿನ ಆ ಸಾಲನ್ನು ಅಳಿಸಿದ್ದೇನೆ, ಹೊಳ್ಳಿ ಬರುವ ಎಂಟು ನಿಮಿಷವನ್ನು ಪ್ರತಿ ಅಳತೆಗೂ ಸೇರಿಸಿದ್ದೇನೆ.

ಉಳಿದದ್ದು ಚಿನ್ನದ ಹಳೆಯ ಫೈಲುಗಳು. ಅದೇ ಸಾಲನ್ನು ಹಾದುಹೋದ ಅಳತೆಗಳು ಹದಿನಾಲ್ಕಿವೆ, ಆ ದ್ರಾವಣಗಳು ಈಗಿಲ್ಲ. ನಾವಿಬ್ಬರೂ ಶನಿವಾರಗಳಂದು ಒಂದೊಂದನ್ನೇ ಮತ್ತೆ ಕಾಯಿಸಿ ತಯಾರಿಸಿ, ಹೋಗಿಬರುವ ಸ್ಕ್ಯಾನ್ ಮಾಡುತ್ತಿದ್ದೇವೆ. ಇದುವರೆಗೆ ನಾಲ್ಕು ಮುಗಿದಿವೆ. ಮೂರರಲ್ಲಿ ತೋಳುಗಳು ಕೂಡಿವೆ, ಒಂದರಲ್ಲಿ ಕೂಡಿಲ್ಲ.