ಇನ್ನೊಂದ್ಸಲ ಕೂಗು

"ಕೇಳ್ಸಿರಲ್ಲ ಕಣೋ, ಇನ್ನೊಂದ್ಸಲ ಕೂಗು" ಅಂದಳು ಅವ್ವ.

ಬೆಳಗಿನ ಜಾವ ನಾಲ್ಕೂವರೆ. ಒಂದು ಕೈಯಲ್ಲಿ ಹಚ್ಚಂಬಲಿ ಪಾತ್ರೆ, ಇನ್ನೊಂದರಲ್ಲಿ ಮೊಬೈಲ್ ಟಾರ್ಚು, ಕಾಲು ಗದ್ದೆ ಅಂಚಿನ ಕೆಸರಲ್ಲಿ. ಹೆಸರಿಗೆ ಭೂಮಿ ಹುಣ್ಣಿಮೆ, ಮೋಡ ಕವಿದು ಕಣ್ಣಿಗೆ ಕೈ ಕಾಣುತ್ತಿರಲಿಲ್ಲ. ಆರು ವರ್ಷದಿಂದ ಈ ಹಬ್ಬಕ್ಕೆ ನಾನು ಊರಿಗೆ ಬಂದಿರಲಿಲ್ಲ. ಅಣ್ಣನಿಗೆ ಮಂಡಿ ಆಪರೇಶನ್ ಆಗಿದೆ, ಗದ್ದೆಗಿಳಿಯೋ ಹಾಗಿಲ್ಲ ಅಂತ ಅವ್ವ ಫೋನು ಮಾಡಿದ್ದಕ್ಕೆ ಎರಡು ದಿನ ರಜೆ ಹಾಕಿ ಸಾಗರದ ಬಸ್ಸು ಹತ್ತಿದ್ದು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೂಮಿ ಹುಣ್ಣಿಮೆ ಅಂದರೆ ಸೀಗೆ ಹುಣ್ಣಿಮೆ. ಆ ಹೊತ್ತಿಗೆ ಭತ್ತ ಹೊಡೆಗಟ್ಟಿರುತ್ತದೆ, ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಊಟ. ರಾತ್ರಿಯಿಡೀ ಹೆಂಗಸರು ಅಡುಗೆ ಮಾಡುತ್ತಾರೆ, ಬೆಳಗಾಗುವ ಮುಂಚೆ ಗಂಡಸರು ಹೋಗಿ ಬೆರಕೆ ಸೊಪ್ಪಿನ ಹಚ್ಚಂಬಲಿಯನ್ನು ಗದ್ದೆಗೆಲ್ಲ ಬೀರಿ ಕೂಗಿ ಬರಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಕಣಿವೆಯಲ್ಲಿ 11 ಮನೆ. 11 ಮನೆಯ ಗದ್ದೆಗಳಲ್ಲೂ ದೊಂದಿ, ಲಾಟೀನು ಓಡಾಡುತ್ತಿದ್ದವು. ಒಬ್ಬರು ಕೂ ಹಾಕಿದರೆ ಆಚೆಯವರು ಓಗೊಡುತ್ತಿದ್ದರು, ಅವರಿಗೆ ಅದರಾಚೆಯವರು. ಯಾರ ಮನೆಯಲ್ಲಿ ಯಾರು ಎದ್ದಿಲ್ಲ ಅನ್ನುವುದು ಆ ಕೂಗಿನಲ್ಲೇ ಗೊತ್ತಾಗಿ ಮಧ್ಯಾಹ್ನದವರೆಗೂ ಅದೇ ತಮಾಷೆ.

ಮೊನ್ನೆ ನಾನು ಕೂಗಿದೆ. ಗಂಟಲು ಅರ್ಧಕ್ಕೇ ನಿಂತಿತು. ಅಪಾರ್ಟ್‌ಮೆಂಟಿನಲ್ಲಿ ಮಗಳನ್ನು ಊಟಕ್ಕೆ ಕರೆಯಲೂ ದನಿ ಎತ್ತದವನು ನಾನು. ಕಪ್ಪೆ, ಜೀರುಂಡೆ ಬಿಟ್ಟರೆ ಇನ್ನೇನೂ ಇಲ್ಲ. ಆಗ ಅವ್ವ ಆ ಮಾತು ಅಂದದ್ದು. ಕೇಳ್ಸಿರಲ್ಲ ಕಣೋ.

ಕೇಳಿಸುವುದಾದರೂ ಯಾರಿಗೆ? 11ರಲ್ಲಿ ಐದು ಮನೆಗೆ ಬೀಗ. ಉಳಿದ ಆರರಲ್ಲಿ ಗದ್ದೆ ಇಟ್ಟುಕೊಂಡಿರುವವರು ನಾವೊಬ್ಬರೇ, ಅದೂ 20 ಗುಂಟೆ. ಮಿಕ್ಕವರದ್ದೆಲ್ಲ ಅಡಿಕೆ ತೋಟ ಆಗಿದೆ. ತೋಟದಲ್ಲೂ ಪೂಜೆ ಮಾಡುತ್ತಾರೆ, ಆದರೆ ಬೆಳಕು ಹರಿದ ಮೇಲೆ, ಬೈಕಲ್ಲಿ ಬಂದು.

ತಪ್ಪು ಅಂತ ಹೇಗೆ ಹೇಳಲಿ? 2025-26ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ ಇತ್ತು. ರಾಶಿ ಅಡಿಕೆಗೆ ಅದರ ಎಷ್ಟೋ ಪಟ್ಟು. ಎಲೆಚುಕ್ಕೆ ರೋಗ ಬಂದು ಔಷಧಿ ಹೊಡೆದು ಹೊಡೆದು ಸಾಕಾದರೂ ಜನ ಅಡಿಕೆ ಸಸಿಯನ್ನೇ ನೆಡುವುದು ಅದಕ್ಕೇ. ನಾಟಿಗೆ ಆಳಿಲ್ಲ. ಮೊದಲು ಮುಯ್ಯಾಳು ಇತ್ತು, ಇವತ್ತು ನಿಮ್ಮನೆ, ನಾಳೆ ನಮ್ಮನೆ. ಮುಯ್ಯಿ ತೀರಿಸಲು ಆಚೆ ಮನೆಯಲ್ಲಿ ಜನವಾದರೂ ಇರಬೇಕಲ್ಲ. ಸುತ್ತ ತೋಟ ಎದ್ದ ಮೇಲೆ ನಡುವೆ ಉಳಿದ ಒಂದೇ ಗದ್ದೆಗೆ ನೆರಳು ಬೀಳುತ್ತದೆ. ಇಡೀ ಕಣಿವೆಯ ಹಂದಿ, ನವಿಲು, ಗಿಳಿ ಎಲ್ಲಕ್ಕೂ ಅದೊಂದೇ ಹೋಟೆಲು. 11 ಮನೆಯವರು ಹಂಚಿಕೊಳ್ಳುತ್ತಿದ್ದ ಕಾಟವನ್ನು ಅಣ್ಣ ಒಬ್ಬನೇ ಉಣ್ಣುತ್ತಿದ್ದಾನೆ.

"ಪುಕ್ಕಟೆ ಅಕ್ಕಿ ಕೊಟ್ಟು ಕೂಲಿಯವರನ್ನ ಹಾಳು ಮಾಡಿದ್ರು" ಅಂತ ನಮ್ಮ ಚಿಕ್ಕಪ್ಪ ಸಿಕ್ಕಾಗಲೆಲ್ಲ ಶುರು ಮಾಡುತ್ತಾನೆ. ಅನ್ನಭಾಗ್ಯ ಬಂದದ್ದು 2013ರಲ್ಲಿ. ಅವನ ಗದ್ದೆಗೆ ಅಡಿಕೆ ಸಸಿ ಬಿದ್ದದ್ದು ಅದಕ್ಕಿಂತ ಆರು ವರ್ಷ ಮೊದಲು. ಇದನ್ನು ನೆನಪಿಸಿದರೆ ಎಲೆ ಅಡಿಕೆ ಉಗಿಯುವ ನೆಪದಲ್ಲಿ ಎದ್ದು ಹೋಗುತ್ತಾನೆ.

ಎರಡನೇ ಸಲ ಕೂಗಿದೆ. ಏನೂ ಇಲ್ಲ. ಅವ್ವ ತಲೆ ಮೇಲಿನ ಭೂಮಣ್ಣಿ ಬುಟ್ಟಿಯನ್ನು, ಅಂದರೆ ಎಡೆ ಹೊರುವ ಹಬ್ಬದ ಬುಟ್ಟಿಯನ್ನು, ಇಳಿಸಿ ಅಂಚಿನ ಮೇಲಿಟ್ಟಳು. ಬುಟ್ಟಿ ಬೆಳಗಾದ ಮೇಲೆ ಬರಬೇಕು, ಎಲ್ಲರ ಜೊತೆ. ಎಲ್ಲರೂ ಎಲ್ಲಿ? ಅದಕ್ಕೇ ನನ್ನ ಜೊತೆಗೇ ಹೊತ್ತು ತಂದಿದ್ದಳು. ಕೆಮ್ಮಣ್ಣು ಸಾರಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಎಳೆ ಎಳೆದ ಬುಟ್ಟಿ. ಟಾರ್ಚಿನ ಬೆಳಕಲ್ಲಿ ನೋಡಿದೆ, ಒಂದು ಮಗ್ಗುಲಲ್ಲಿ ಗೆರೆ ನಡುಗಿದ್ದವು. ಕಣ್ಣಿನ ಪೊರೆ ತೆಗೆಸಬೇಕು ಅಂತ ಎರಡು ವರ್ಷದಿಂದ ಹೇಳುತ್ತಲೇ ಇದ್ದೇವೆ. ಅಂದರೆ ನಾನು ಫೋನಿನಲ್ಲಿ ಹೇಳುತ್ತಿದ್ದೇನೆ.

ಈ ಗದ್ದೆ ಅಜ್ಜನಿಗೆ ಸುಮ್ಮನೆ ಬಂದದ್ದಲ್ಲ. ಕಾಗೋಡು ನಮ್ಮದೇ ತಾಲೂಕು. 1951ರಲ್ಲಿ ಅಲ್ಲಿಯ ಗೇಣಿದಾರರು ತಿರುಗಿ ಬಿದ್ದದ್ದು ಭತ್ತ ಅಳೆಯುವ ಒಂದು ಕೊಳಗಕ್ಕೆ. ಗೇಣಿ ಅಳೆಸಿಕೊಳ್ಳುವಾಗ ಒಡೆಯರ ಮನೆಯ ಕೊಳಗ ದೊಡ್ಡದಾಗುತ್ತಿತ್ತು. ರೈತ ನಾಯಕ ಗಣಪತಿಯಪ್ಪನವರ ಹಿಂದೆ ಜನ ಹೋದರು, ಸಮಾಜವಾದಿ ನಾಯಕ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆ ಕಾನೂನು ಬಂದಾಗ ಅಜ್ಜ ಗೇಣಿ ಜಮೀನಿನ ಅರ್ಜಿ, ನಮೂನೆ 7, ತುಂಬಿಸಿ, ಹೆಬ್ಬೆಟ್ಟು ಒತ್ತಿ, ನಾಲ್ಕು ವರ್ಷ ಅಲೆದು ಎರಡೂವರೆ ಎಕರೆಗೆ ಒಡೆಯನಾದ. ಒಂದು ಕೊಳಗ ಭತ್ತಕ್ಕೆ ಜೈಲಿಗೆ ಹೋದ ಸೀಮೆಯಲ್ಲಿ ಈಗ ಅಣ್ಣ ಪಡಿತರದ ಚೀಲ ಹೊತ್ತು ಬರುತ್ತಾನೆ. ಹಳೆಯ ಕೊಳಗ ನಮ್ಮ ಜಗುಲಿಯಲ್ಲೇ ಇದೆ, ಚಾರ್ಜರು, ಬ್ಯಾಟರಿ, ಔಷಧಿ ಚೀಟಿ ತುಂಬಿಕೊಂಡು.

ಅವ್ವ ಮತ್ತೆ ಅಂದಳು, "ಆಚೆ ದಿಂಬಕ್ಕೆ ಮುಖ ಮಾಡಿ ಕೂಗು. ಅವ್ರಿಗೆ ಕೇಳುತ್ತೆ."

ಆ ದಿಂಬದ, ಅಂದರೆ ದಿಬ್ಬದ, ಮೇಲಿನ ಮನೆ ಮಾರಿ ಮೂರು ವರ್ಷವಾಯಿತು. ಈಗ ಅದು ಹೋಂಸ್ಟೇ. ಮಾರಿದ ಹುಡುಗನನ್ನು ಊರೆಲ್ಲ ಬೈಯುತ್ತದೆ, ನಾನೂ ಬೈದಿದ್ದೇನೆ. ಆದರೆ ಅವನಿಗೆ ಹೆಣ್ಣು ನೋಡಲು ಹೋದ ಮೂರು ಕಡೆಗೂ ನಾನಿದ್ದೆ. ಮೂರೂ ಕಡೆ ಚಹಾ ಕೊಡುವ ಮೊದಲೇ ಕೇಳಿದ್ದು "ಹುಡುಗ ಬೆಂಗ್ಳೂರಲ್ಲಿಲ್ವಾ?" ಅಂತ. ಆಮೇಲೆ ಬೆಂಗಳೂರಿಗೆ ಹೋಗಿ ಕ್ಯಾಬು ಓಡಿಸಿದ, ಆರು ತಿಂಗಳಿಗೆ ಮದುವೆಯಾಯಿತು. ಹಾಗೆ ಕೇಳಿದ ಒಂದು ಮನೆಯವರದ್ದೂ ಐದೆಕರೆ ಜಮೀನು.

ಮೂರನೇ ಸಲ ಕೂಗಿದೆ, ಈ ಸಲ ಹೊಟ್ಟೆಯಿಂದ. ಸ್ವಲ್ಪ ಹೊತ್ತು ಬಿಟ್ಟು ದಿಂಬದ ಕಡೆಯಿಂದ "ಓಹೋಯ್!" ಅಂತ ಬಂತು. ಹಿಂದೆಯೇ ಇನ್ನೊಂದು ದನಿ, ಆಮೇಲೆ ನಾಲ್ಕೈದು ಜನ ಒಟ್ಟಿಗೆ, ಕೊನೆಗೆ ಒಂದು ನಗು. ರಾತ್ರಿಯಿಡೀ ಮಲಗದೆ ಕುಡಿಯುತ್ತ ಕೂತ ವೀಕೆಂಡಿನ ಹುಡುಗರು.

"ನೋಡ್ದಾ? ಕೇಳ್ತು" ಅಂದಳು ಅವ್ವ.

ನಾನು ಏನೂ ಹೇಳಲಿಲ್ಲ. ಕಾಗೆಗೊಂದು, ಇಲಿಗೊಂದು ಎಡೆ ಇಟ್ಟೆವು. ಕೊಯ್ಲಿನ ದಿನ ತೆಗೆಯಲು ಒಂದು ಕಡುಬನ್ನು ಗದ್ದೆ ಮೂಲೆಯಲ್ಲಿ ಹೂತೆವು. ಮುಂದಿನ ವರ್ಷ ಈ 20 ಗುಂಟೆಗೂ ಸಸಿ ಹಾಕುತ್ತೇನೆ ಅಂತ ಅಣ್ಣ ನನಗೆ ಮಾತ್ರ ಹೇಳಿದ್ದಾನೆ. ಮಣ್ಣು ಮುಚ್ಚುವಾಗ ನನ್ನ ಕೈ ಅದನ್ನೇ ಯೋಚಿಸುತ್ತಿತ್ತು. ಅವ್ವನ ನಂಬಿಕೆ ಯಾಕೆ ಕೆಡಿಸಲಿ ಅಂತ ದಾರಿಯುದ್ದಕ್ಕೂ ನಾನೇ ದೊಡ್ಡ ಮನುಷ್ಯನ ಹಾಗೆ ಸುಮ್ಮನೆ ನಡೆದೆ.

ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ಅವ್ವ ಬಾಳೆಲೆಯ ಕೊಟ್ಟೆ ಕಡುಬು ಆರನ್ನು ಚೀಲಕ್ಕೆ ಹಾಕಿ ತಂದು ಕೊಟ್ಟಳು. "ಬೈಕಲ್ಲಿ ಹೋಗಿ ಆ ಹೋಂಸ್ಟೇ ಹುಡುಗ್ರಿಗೆ ಕೊಟ್ಟು ಬಾ. ಎಲೆ ಬಿಚ್ಚಿ ತಿನ್ನಿ ಅಂತ ಹೇಳು ಮತ್ತೆ. ಪೇಟೆಯವ್ರು, ಎಲೆ ಸಮೇತ ತಿಂದಾರು."