ಅಂಬಾಸಿಡರ್ ಡೈರಿ: ರೋಡಿಗೆ ಚೆಲ್ಲುತ್ತಿದ್ದ ನೀರಿಗೊಂದು ಡಬ್ಬಿ

ಬ್ರೇಕ್ ಕೆಲಸ ಮುಗೀತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಈ ಸಲ ರೇಡಿಯೇಟರ್ ಸರದಿ.

ನಮ್ಮದು 1489 ಸಿಸಿ ಪೆಟ್ರೋಲ್ ಎಂಜಿನ್‌ನ ಹಳೇ ಅಂಬಾಸಿಡರ್. ಬೆಳಿಗ್ಗೆ ರೇಡಿಯೇಟರ್ ತುಂಬಿಸಿ, ಬಿಸಿಲಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಬಂದು ನಿಲ್ಲಿಸಿದರೆ ಸಾಕು, ಕೆಳಗೆ ಕೂಲಂಟ್ ಬೆರೆತ ಹಸಿರು ನೀರು. ಇದು ಲೀಕ್ ಅಲ್ಲ. ನೀರು 20 ಡಿಗ್ರಿಯಿಂದ 90ಕ್ಕೆ ಏರಿದರೆ ಲೀಟರಿಗೆ ಸುಮಾರು 35 ಮಿಲಿ ಹಿಗ್ಗುತ್ತದೆ. ಅಷ್ಟೂ ರೇಡಿಯೇಟರ್ ಬಾಯಿಯ ಕ್ಯಾಪ್ ದಾಟಿ, ಪಕ್ಕದ ಸಣ್ಣ ಪೈಪಿನಿಂದ ರೋಡಿಗೆ ಬೀಳುತ್ತದೆ. ಎಂಜಿನ್ ತಣ್ಣಗಾದಾಗ ಅದೇ ಪೈಪಿನಿಂದ ಗಾಳಿ ಒಳಗೆ ಹೋಗುತ್ತದೆ. ಗಾಳಿ ಹೋದಲ್ಲಿ ತುಕ್ಕು.

ಆ ನೀರನ್ನು ಹಿಡಿದಿಟ್ಟು, ತಣ್ಣಗಾದಾಗ ವಾಪಸ್ ರೇಡಿಯೇಟರಿಗೆ ಕೊಡುವ ಡಬ್ಬಿ ಕೂರಿಸೋಣ ಅಂದೆ. ನಮ್ಮ ಮಿಸ್ತ್ರಿಗೆ ಇದು ಹಿಡಿಸಲಿಲ್ಲ. "ಡಬ್ಬಿ ಯಾಕ್ರೀ ಸರ? ಈ ಗಾಡಿ ಹುಟ್ಟಿದಾಗಿಂದ ಹಿಂಗ ಚೆಲ್ಲಕೋತ ಬಂದೈತಿ. ಸ್ವಲ್ಪ ಕಡಿಮಿ ತುಂಬ್ರಿ, ಮುಗೀತು." ಅವರ ಮಾತು ಸುಳ್ಳಲ್ಲ. ಆದರೆ ಕಡಿಮೆ ತುಂಬಿದರೂ ಒಳಗಿನ ಗಾಳಿ ಹೋಗಲ್ಲವಲ್ಲ.

ಡಬ್ಬಿ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ, ಯಾವುದೋ ಮಾರುತಿಯದು. ಗಾಡಿಯ ಮೈಗೆ ಹೊಸ ತೂತು ಕೊರೆಯಬಾರದು ಅನ್ನೋದು ನನ್ನ ಹಟ. ಹಾಗಾಗಿ ತಗಡಿನ ಪಟ್ಟಿ ಬಗ್ಗಿಸಿ ರೇಡಿಯೇಟರ್ ಪಕ್ಕದ ಬೋಲ್ಟಿಗೇ ಕೂರಿಸಿದೆವು. ಅರ್ಧ ಗಂಟೆಯ ಕೆಲಸ.

ತಲೆ ತಿಂದಿದ್ದು ಕ್ಯಾಪ್. ಡಬ್ಬಿ ಸುಮ್ನೆ ನೀರು ಹಿಡಿಯುತ್ತದೆ, ಕೆಲಸ ಮಾಡೋದೆಲ್ಲ ಕ್ಯಾಪೇ. ಹಳೇ ಕ್ಯಾಪ್ ತಿರುಗಿಸಿ ನೋಡಿದರೆ ಕೆಳಗೆ ಒಂದೇ ರಬ್ಬರ್ ವಾಷರ್. ಮೇಲಿನ ಅಂಚಿಗೆ ಬರೀ ಲೋಹ. ತಣ್ಣಗಾಗುವಾಗ ಆ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತದೆ, ಡಬ್ಬಿಯ ನೀರು ಅಲ್ಲೇ ಉಳಿಯುತ್ತದೆ. ಮೇಲೂ ಕೆಳಗೂ ರಬ್ಬರ್ ಇರುವ ಕ್ಯಾಪೇ ಬೇಕು. ರೇಡಿಯೇಟರ್ ಬಾಯಿಯ ಆಳವನ್ನೂ ಅಳೆದುಕೊಳ್ಳಿ. ಮುಕ್ಕಾಲು ಇಂಚಿನದೂ ಬರುತ್ತೆ, ಒಂದು ಇಂಚಿನದೂ ಬರುತ್ತೆ. ನಮ್ಮದು ಒಂದು ಇಂಚು. ಗಿಡ್ಡ ಕ್ಯಾಪ್ ಹಾಕಿದರೆ ಸ್ಪ್ರಿಂಗ್ ತುದಿಯ ವಾಷರ್ ಬಾಯಿಯೊಳಗಿನ ಸೀಟಿಗೆ, ಅಂದರೆ ಅದು ಕೂರಬೇಕಾದ ಅಂಚಿಗೆ, ಮುಟ್ಟೋದೇ ಇಲ್ಲ.

ಅಂಗಡಿಯಲ್ಲಿ 0.9 ಬಾರ್ ಒತ್ತಡಕ್ಕೆ ತೆರೆಯುವ, ಹೊಸ ಗಾಡಿಯ ಕ್ಯಾಪ್ ಕೊಡಲು ಬಂದರು. ಹಳೇ ಕ್ಯಾಪಿನ ಮೇಲೆ ಒತ್ತಡ ಬರೆಯುವ ಪಿಎಸ್ಐ ಅಳತೆಯಲ್ಲಿ ಅದು 13. ಹಳೇ ಹಿತ್ತಾಳೆ ರೇಡಿಯೇಟರಿನ ಬೆಸುಗೆ ಬಿಟ್ಟುಕೊಂಡರೆ ಯಾರು ಜವಾಬ್ದಾರಿ? ಹಳೇ ಕ್ಯಾಪಿನ ಮೇಲಿದ್ದ 7 ಪಿಎಸ್ಐಯನ್ನೇ ಹುಡುಕಿ ತಂದೆ. ಅಷ್ಟು ಒತ್ತಡಕ್ಕೇ ಬರೀ ನೀರು ಕುದಿಯಲು ಸುಮಾರು 111 ಡಿಗ್ರಿ ಬೇಕು. ಸಾಕಲ್ವಾ?

ಇನ್ನೊಂದು ಮಾತು. ಪೈಪಿನ ತುದಿ ಡಬ್ಬಿಯ ತಳದ ಹತ್ತಿರ, ನೀರಿನೊಳಗೇ ಮುಳುಗಿರಬೇಕು. ಡಬ್ಬಿಯ ಮುಚ್ಚಳದಲ್ಲಿ ಗಾಳಿಗೆ ತೂತು ಇರಬೇಕು. ಎರಡೂ ಕಡೆ ಕ್ಲಿಪ್ ಬಿಗಿಯಾಗಿರಲಿ.

ಸಂಜೆ ನೃಪತುಂಗ ಬೆಟ್ಟ ಹತ್ತಿಸಿದೆ. ವಾಪಸ್ ಬರುವಾಗ ಉಣಕಲ್ ಹತ್ತಿರ ಟ್ರಾಫಿಕ್, ಪಕ್ಕದಲ್ಲಿ ತಮಗೆಂದೇ ಇರುವ ಲೇನಿನಲ್ಲಿ ಚಿಗರಿ ಬಸ್ಸುಗಳು ಆರಾಮಾಗಿ ಹೋಗ್ತಾ ಇದ್ದವು. ಮನೆಗೆ ಬಂದಾಗ ಡಬ್ಬಿಯಲ್ಲಿ ನೀರು ಮಾರ್ಕಿಗಿಂತ ಎರಡು ಬೆರಳು ಮೇಲೆ. ಬೆಳಿಗ್ಗೆ ಮತ್ತೆ ಮಾರ್ಕಿಗೇ ಇಳಿದಿತ್ತು. ಕ್ಯಾಪ್ ತೆಗೆದರೆ ರೇಡಿಯೇಟರ್ ಬಾಯಿಯವರೆಗೂ ತುಂಬಿದೆ, ನೆಲ ಒಣ. ಮಿಸ್ತ್ರಿ ಬಗ್ಗಿ ನೋಡಿ, "ಹೂಂ, ನಡೀತೈತಿ" ಅಂದರು.

ಮುಂದಿನದು ಕೆಳಗಿನ ಹೋಸ್ ಪೈಪ್. ಒತ್ತಿದರೆ ಮೆತ್ತಗೆ ಒಳಗೆ ಹೋಗ್ತಿದೆ. ಅದನ್ನು ಬದಲಾಯಿಸಿದ ಮೇಲೇ ಅಂಕೋಲಾ ಕಡೆ ಇಳಿಯೋದು. ವಾಪಸ್ ಬರುವಾಗ ಅರಬೈಲ್ ಘಟ್ಟ ಹತ್ತಬೇಕಲ್ಲ.