ಅಣ್ಣಾ, ಬೆಸ್ಟ್ ಲೀಡ್ ಟೋನ್ ಯಾರದ್ದು?

ಮಡಿಕೇರಿಯಲ್ಲಿ ಗಿಟಾರ್ ಕಲಿಸುತ್ತೇನೆ. ಮದುವೆ ಸೀಸನ್‌ನಲ್ಲಿ ಬ್ಯಾಂಡ್ ಜೊತೆ ನುಡಿಸುತ್ತೇನೆ. ಹಾಗಾಗಿ ಈ ಪ್ರಶ್ನೆ ಎಲ್ಲಿ ಹೋದರೂ ತಪ್ಪಿದ್ದಲ್ಲ: "ಅಣ್ಣಾ, ರಾಕ್ ಸೋಲೋಗಳಲ್ಲಿ ಬೆಸ್ಟ್ ಟೋನ್ ಯಾರದ್ದು?" ನಾನು ಬಾಯಿ ಬಿಡುವ ಮೊದಲೇ ಇನ್ನೊಂದು ಬರುತ್ತದೆ: "ಆ ಟೋನ್ ಬರೋಕೆ ಯಾವ ಪೆಡಲ್ ತಗೊಳ್ಳಲಿ?" ಟೋನ್ ಅಂದರೆ ಗಿಟಾರ್ ಸದ್ದಿನ ಬಣ್ಣ. ಸೋಲೋ ಅಂದರೆ ಹಾಡಿನ ನಡುವೆ ಗಿಟಾರ್ ಮುಂದೆ ಬಂದು ನುಡಿಯುವ ಭಾಗ. ಪೆಡಲ್ ಅಂದರೆ ಆ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಪೆಟ್ಟಿಗೆ. ನಿಜ ಹೇಳಬೇಕೆಂದರೆ ಎರಡನೆಯದೇ ಅಸಲಿ ಪ್ರಶ್ನೆ. ಆದರೂ ಮೊದಲನೆಯದರಿಂದಲೇ ಶುರು ಮಾಡುತ್ತೇನೆ.

ನನ್ನ ಉತ್ತರ: ಪಿಂಕ್ ಫ್ಲಾಯ್ಡ್‌ನ ‘ಅನದರ್ ಬ್ರಿಕ್ ಇನ್ ದ ವಾಲ್, ಪಾರ್ಟ್ 2’ ಹಾಡಿನಲ್ಲಿ ಡೇವಿಡ್ ಗಿಲ್ಮೋರ್ ನುಡಿಸಿದ ಸೋಲೋ. 1979ರದ್ದು. ಹೀಗೆ ಅಂದ ಕೂಡಲೇ ಹುಡುಗರ ಮುಖ ಸಣ್ಣಗಾಗುತ್ತದೆ. ಅವರು ಕಾಯುತ್ತಿರುವುದು ಅದೇ ಆಲ್ಬಮ್ಮಿನ ‘ಕಂಫರ್ಟಬ್ಲಿ ನಂಬ್’ ಹೆಸರಿಗೆ. ಅದೂ ಭಾರೀ ಟೋನೇ, ಜಗಳ ಇಲ್ಲ. ಬಿಗ್ ಮಫ್ ಪೆಡಲ್, ಹೈವಾಟ್ ಆಂಪ್ (ಸದ್ದು ಜೋರು ಮಾಡುವ ಆಂಪ್ಲಿಫೈಯರ್), ಗಿಲ್ಮೋರ್ ಅವರ ಆ ಕಪ್ಪು ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಗಿಟಾರ್. ಆ ಗಿಟಾರ್ 2019ರ ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರ್‌ಗೆ ಹೋಯಿತು. ಆದರೆ ಅಲ್ಲಿ ಪೆಡಲ್, ಎಕೋ ಎಲ್ಲ ಸೇರಿ ಮಾಡಿದ ಕೆಲಸ ಜಾಸ್ತಿ. ‘ಬ್ರಿಕ್’ ಸೋಲೋದಲ್ಲಿ ಬೆರಳಿಗೆ ಅಡಗಲು ಜಾಗವೇ ಇಲ್ಲ.

ಅದನ್ನು ನುಡಿಸಿದ್ದು ಸ್ಟ್ರಾಟ್‌ನಲ್ಲಿ ಅಲ್ಲ, 1955ರ ಚಿನ್ನದ ಬಣ್ಣದ ಗಿಬ್ಸನ್ ಲೆಸ್ ಪಾಲ್‌ನಲ್ಲಿ. ಅದರಲ್ಲಿರುವುದು ಪಿ-90 ಪಿಕಪ್. ಪಿಕಪ್ ಅಂದರೆ ತಂತಿಯ ಕಂಪನವನ್ನು ಸಿಗ್ನಲ್ ಆಗಿ ಬದಲಿಸುವ ಅಯಸ್ಕಾಂತದ ಸುರುಳಿ. ಸ್ಟ್ರಾಟ್ ಪಿಕಪ್‌ಗಿಂತ ದಪ್ಪ ಸದ್ದು, ಜೋಡಿ ಸುರುಳಿಯ ಹಂಬಕರ್ ಪಿಕಪ್‌ಗಿಂತ ಸ್ವಲ್ಪ ಒರಟು. ಗಿಲ್ಮೋರ್ ಗಿಟಾರನ್ನು ನೇರವಾಗಿ ಸ್ಟುಡಿಯೋದ ಮಿಕ್ಸರ್‌ಗೇ ಚುಚ್ಚಿ ನುಡಿಸಿದರು. ಆಂಪ್‌ನ ಸದ್ದು ಸೇರಿದ್ದು ಆಮೇಲೆ, ರೆಕಾರ್ಡ್ ಆದದ್ದನ್ನೇ ಆಂಪ್ ಮೂಲಕ ಹಾಯಿಸಿ. ಹೆಡ್‌ಫೋನ್ ಹಾಕಿಕೊಂಡು ಪ್ರತಿ ಸ್ವರದ ಶುರುವನ್ನು ಮಾತ್ರ ಗಮನಿಸಿ. ಪಿಕ್ ತಂತಿಗೆ ತಾಗುವ ‘ಟಕ್’ ಮೊದಲು, ಸ್ವರ ಆಮೇಲೆ. ತಂತಿ ಎಳೆದು ಮೇಲಿನ ಸ್ವರಕ್ಕೆ ಹತ್ತುವಾಗ ನಡುವಿನ ಮೆಟ್ಟಿಲುಗಳೆಲ್ಲ ಕೇಳಿಸುತ್ತವೆ. ಕೆಲವು ಕಡೆ ಎಷ್ಟು ದೂರ ಎಳೆಯುತ್ತಾರೆ ಅಂದರೆ, ನಮ್ಮ ಹುಡುಗರು ಅದನ್ನು ಎರಡು ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲೆ ಹೋಗಿ ನುಡಿಸಿ ತಪ್ಪಿಸಿಕೊಳ್ಳುತ್ತಾರೆ. ಸ್ವರ ಸರಿ ಬರುತ್ತದೆ, ಟೋನ್ ಬರುವುದಿಲ್ಲ.

"ಹಾಗಾದ್ರೆ ಡಿಸ್ಟಾರ್ಷನ್ ಬೇಡ್ವಾ ಅಣ್ಣಾ?" ಡಿಸ್ಟಾರ್ಷನ್, ಅಂದರೆ ಸದ್ದನ್ನು ಒಡೆದು ಒರಟು ಮಾಡುವುದು, ಬೇಕು. ಆದರೆ ಯಾಕೆ ಬೇಕು ಅಂತ ತಿಳಿದಿರಬೇಕು. ಕೊಡವ ಮದುವೆಯಲ್ಲಿ ವಾಲಗ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಊದುವವರು ಉಸಿರಿರುವಷ್ಟು ಹೊತ್ತು ಸ್ವರ ಹಿಡಿದಿಡಬಹುದು, ಬೇಕಾದಲ್ಲಿ ಉಬ್ಬಿಸಬಹುದು. ಗಿಟಾರ್‌ಗೆ ಆ ಭಾಗ್ಯ ಇಲ್ಲ. ಮೀಟಿದ ಕ್ಷಣದಿಂದಲೇ ಸದ್ದು ಇಳಿಯಲು ಶುರು. ಆಂಪ್‌ಗೆ ತಡೆಯಲಾಗದಷ್ಟು ಸಿಗ್ನಲ್ ಕೊಟ್ಟರೆ ಅದು ಅಲೆಯ ತಲೆ ಕತ್ತರಿಸುತ್ತದೆ. ಜೋರಾದ ಶುರುವೂ ಮೆಲ್ಲಗಾದ ಬಾಲವೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದು, ಸ್ವರ ನಿಂತ ಹಾಗೆ ಕೇಳುತ್ತದೆ. 1962ರಲ್ಲಿ ಮೇಸ್ಟ್ರೋ ಫಝ್-ಟೋನ್ ಪೆಡಲ್ ಬಂದಾಗ ಅದನ್ನು ಮಾರಿದ್ದೂ ಊದುವ ವಾದ್ಯಗಳ ಸದ್ದು ಕೊಡುತ್ತದೆ ಅಂತಲೇ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 1965ರಲ್ಲಿ ‘ಸ್ಯಾಟಿಸ್ಫ್ಯಾಕ್ಷನ್’ಗೆ ಆ ಪೆಡಲ್ ಬಳಸಿದಾಗ, ಆಮೇಲೆ ಆ ಜಾಗಕ್ಕೆ ಹಾರ್ನ್, ಅಂದರೆ ಊದುವ ವಾದ್ಯ, ಹಾಕಿಸುವ ಯೋಚನೆ ಇತ್ತು. ಹಾರ್ನ್ ಬರಲೇ ಇಲ್ಲ, ಫಝ್ ಉಳಿಯಿತು.

ಅಂದರೆ ಸ್ವರ ನಿಲ್ಲಲು ಎಷ್ಟು ಬೇಕೋ ಅಷ್ಟು ಗೇನ್ (ಸಿಗ್ನಲ್ ಏರಿಸಿ ಡಿಸ್ಟಾರ್ಷನ್ ತರುವ ನಾಬ್) ಸಾಕು. ಅದಕ್ಕಿಂತ ಜಾಸ್ತಿಯಾದರೆ ಎಲ್ಲರ ಬೆರಳೂ ಒಂದೇ ಥರ ಕೇಳುತ್ತದೆ.

ಕ್ಲಾಸಿಗೆ ಬರುವ ಹುಡುಗರ ಪ್ರೊಸೆಸರ್ (ಹಲವು ಪೆಡಲ್, ಆಂಪ್‌ಗಳ ಸದ್ದು ಕೊಡುವ ಡಿಜಿಟಲ್ ಪೆಟ್ಟಿಗೆ) ನೋಡಿದರೆ ಸೆಟ್ಟಿಂಗ್ ಬಹುತೇಕ ಒಂದೇ. ಗೇನ್ 9, ಬಾಸ್ (ಕೆಳಗಿನ ಸದ್ದು) 8, ಟ್ರೆಬಲ್ (ಮೇಲಿನದ್ದು) 8, ಮಿಡ್ (ನಡುವಿನದ್ದು) 2. ರೂಮಿನಲ್ಲಿ ಒಬ್ಬರೇ ಕೂತು ನುಡಿಸಿದರೆ ಸೂಪರ್. ಅದೇ ಸೆಟ್ಟಿಂಗ್ ತಗೊಂಡು ಮದುವೆ ಹಾಲ್‌ನಲ್ಲಿ ಡ್ರಮ್ಸ್, ಕೀಬೋರ್ಡ್ ಜೊತೆ ನಿಂತರೆ ಗಿಟಾರ್ ಮಾಯ! ಕೆಳಗಿನ ಸದ್ದನ್ನು ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್ ನುಂಗುತ್ತವೆ, ಮೇಲಿನದ್ದನ್ನು ಸಿಂಬಲ್ ನುಂಗುತ್ತದೆ. ಸೋಲೋದ ಸ್ವರಗಳು ಹೆಚ್ಚಾಗಿ ಇರುವುದು 200ರಿಂದ 1,000 ಹರ್ಟ್ಸ್ ಒಳಗೆ. ಆ ಮಿಡ್ ಅನ್ನೇ ನೀವು 2ಕ್ಕೆ ಇಳಿಸಿ ಕೂತಿದ್ದೀರಿ. ಸೌಂಡ್‌ನವರನ್ನು ಬೈದು ಏನು ಪ್ರಯೋಜನ? ಇನ್ನೊಂದು ವಿಷಯ: ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ಕೊಡುವುದಿಲ್ಲ, ಕಿವಿ ಕೊರೆಯುವ ಸದ್ದನ್ನು ಅದೇ ಸೋಸುತ್ತದೆ. ಪ್ರೊಸೆಸರ್‌ನಿಂದ ನೇರವಾಗಿ ಹಾಲ್‌ನ ಮಿಕ್ಸರ್‌ಗೆ ಕೊಡುವಾಗ ಕ್ಯಾಬಿನೆಟ್ ಸಿಮ್ಯುಲೇಷನ್ (ಆಂಪ್ ಸ್ಪೀಕರ್ ಹಾಗೆಯೇ ಸೋಸುವ ಸೆಟ್ಟಿಂಗ್) ಆನ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಾಲಿನ ಅಜ್ಜಂದಿರು ಎದ್ದು ಹೋಗುತ್ತಾರೆ.

ಗಿಟಾರ್ ಮೇಲಿರುವ ಟೋನ್ ನಾಬ್ ಅನ್ನು ಯಾರೂ ಮುಟ್ಟುವುದಿಲ್ಲ. 10ಕ್ಕೆ ಇಟ್ಟರೆ ಇಟ್ಟದ್ದೇ. ನಾನು ಕ್ಲಾಸಿನಲ್ಲಿ ನೆಕ್ ಪಿಕಪ್‌ಗೆ (ಕತ್ತಿನ ಹತ್ತಿರದ್ದು) ಹಾಕಿ, ಆ ನಾಬ್ ಅನ್ನು ಪೂರ್ತಿ ಸೊನ್ನೆಗೆ ತಿರುಗಿಸಿ, ಗೇನ್ ಸ್ವಲ್ಪ ಏರಿಸಿ, 12ನೇ ಫ್ರೆಟ್ ಹತ್ತಿರ ಒಂದು ಸ್ವರ ಎಳೆದು ತೋರಿಸುತ್ತೇನೆ. ಚೂಪು ಹೋಗಿ, ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ ‘ಊಂ’ ಅನ್ನುತ್ತದೆ. 1967ರಲ್ಲಿ ಕ್ರೀಮ್ ಬ್ಯಾಂಡ್‌ನಲ್ಲಿದ್ದಾಗ ಎರಿಕ್ ಕ್ಲಾಪ್ಟನ್ ಮಾಡಿದ್ದು ಇದೇ. ‘ಸನ್‌ಶೈನ್ ಆಫ್ ಯುವರ್ ಲವ್’ ಸೋಲೋ ಕೇಳಿ. ಜನ ಅದಕ್ಕೆ ವುಮನ್ ಟೋನ್ ಅನ್ನುತ್ತಾರೆ. ಖರ್ಚು ಸೊನ್ನೆ.

ಎಡ್ಡಿ ವ್ಯಾನ್ ಹೇಲನ್ ಅಭಿಮಾನಿಗಳು ಈಗ ಸಿಟ್ಟಾಗಿರುತ್ತಾರೆ. ಸರಿ, ಅವರ ವಿಷಯಕ್ಕೆ ಬರೋಣ. ಅವರ ವ್ಯಾನ್ ಹೇಲನ್ ಬ್ಯಾಂಡ್‌ನ 1978ರ ಮೊದಲ ಆಲ್ಬಮ್‌ನ ‘ಇರಪ್ಷನ್’ ಟೋನ್ ನನ್ನ ಪಟ್ಟಿಯಲ್ಲೂ ಇದೆ. ಅವರ 100 ವಾಟ್ ಮಾರ್ಷಲ್ ಆಂಪ್ ಪೂರ್ತಿ ತಿರುಗಿಸಿದರೆ ಮಾತ್ರ ಚೆನ್ನಾಗಿ ಕೇಳುತ್ತಿತ್ತು, ಪೂರ್ತಿ ತಿರುಗಿಸಿದರೆ ಕಿವಿ ಹೋಗುತ್ತಿತ್ತು. ಅದಕ್ಕೆ ಅವರು ವೇರಿಯಾಕ್ ಅನ್ನುವ ಸಾಧನ ಇಟ್ಟು, ಅಮೆರಿಕದ ಸುಮಾರು 120 ವೋಲ್ಟ್ ಕರೆಂಟನ್ನು 90ರ ಹತ್ತಿರಕ್ಕೆ ಇಳಿಸಿ ನುಡಿಸಿದರು. ಇದನ್ನು ಹೇಳಿದರೆ ನಮ್ಮಲ್ಲಿ ಎಲ್ಲರೂ ನಗುತ್ತಾರೆ. ಜುಲೈ ತಿಂಗಳಲ್ಲಿ ನಾಪೋಕ್ಲು, ಭಾಗಮಂಡಲದ ಕಡೆ ವೋಲ್ಟೇಜ್ ಪುಕ್ಕಟೆಯಾಗಿಯೇ ಇಳಿಯುತ್ತದೆ ಅಲ್ವಾ! ಆದರೆ ಅದರಿಂದ ವ್ಯಾನ್ ಹೇಲನ್ ಟೋನ್ ಬರುವುದಿಲ್ಲ. ಅವರದ್ದು ವಾಲ್ವ್ (ಗಾಜಿನ ಟ್ಯೂಬ್) ಆಂಪ್. ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಟ್ರಾನ್ಸಿಸ್ಟರ್ ಅಥವಾ ಡಿಜಿಟಲ್. ವೋಲ್ಟೇಜ್ ಬಿದ್ದರೆ ಸೋಲೋ ಮಧ್ಯದಲ್ಲಿ ರೀಸ್ಟಾರ್ಟ್ ಆಗುತ್ತದೆ, ಅಷ್ಟೇ. ಸ್ಟೆಬಿಲೈಸರ್ ಹಾಕಿ. ಹಾಗೆಯೇ, ತಂತಿ ಮುಟ್ಟಿದಾಗ ಚುರುಕ್ ಅಂದರೆ ಪಿಕಪ್ ಬದಲಿಸಲು ಹೊರಡಬೇಡಿ. ಎಲೆಕ್ಟ್ರಿಷಿಯನ್‌ನನ್ನು ಕರೆದು ಅರ್ಥಿಂಗ್ ನೋಡಿಸಿ, ಅಲ್ಲಿಯವರೆಗೆ ನುಡಿಸಬೇಡಿ.

ದುಬಾರಿ ಗಿಟಾರ್ ಇಲ್ಲ ಅನ್ನುವವರಿಗೆ ಕ್ವೀನ್ ಬ್ಯಾಂಡ್‌ನ ಬ್ರಯನ್ ಮೇ ಸಾಕು. 1963ರಲ್ಲಿ ಅಪ್ಪನ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಮಾಡಲು ಕೂತರು. ನೆಕ್‌ಗೆ ಹಳೇ ಅಗ್ಗಿಷ್ಟಿಕೆಯ ಮರ, ಟ್ರೆಮೊಲೊಗೆ (ಸ್ವರ ಅಲುಗಿಸುವ ಹಿಡಿ) ಮೋಟರ್‌ಬೈಕಿನ ವಾಲ್ವ್ ಸ್ಪ್ರಿಂಗ್. ಪಿಕ್ ಬದಲು ಸಿಕ್ಸ್‌ಪೆನ್ಸ್ ನಾಣ್ಯ. ‘ಬೊಹೀಮಿಯನ್ ರಾಪ್ಸಡಿ’ಯ ಸೋಲೋ ಬಂದದ್ದು ಅದರಿಂದಲೇ. ಡೈರ್ ಸ್ಟ್ರೇಟ್ಸ್ ಬ್ಯಾಂಡ್‌ನ ಮಾರ್ಕ್ ನಾಪ್ಲರ್ ಅಂತೂ ಪಿಕ್ಕನ್ನೇ ಬಿಟ್ಟರು. 1978ರ ‘ಸುಲ್ತಾನ್ಸ್ ಆಫ್ ಸ್ವಿಂಗ್’ನಲ್ಲಿ ಬರೀ ಬೆರಳು, ಹೆಚ್ಚುಕಮ್ಮಿ ಕ್ಲೀನ್ ಸದ್ದು. ಹೋಮ್‌ಸ್ಟೇಗಳಲ್ಲಿ ಪ್ರವಾಸಿಗಳು ಬೆಂಕಿ ಸುತ್ತ ಕೂತು ಕೇಳುವ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ. ಅದು ಈಗಲ್ಸ್ ಬ್ಯಾಂಡ್‌ನ ಡಾನ್ ಫೆಲ್ಡರ್, ಜೋ ವಾಲ್ಶ್ ಇಬ್ಬರು ಸೇರಿ ನುಡಿಸಿದ ಸೋಲೋ, ಒಬ್ಬನೇ ಎಷ್ಟು ಒದ್ದಾಡಿದರೂ ಅರ್ಧವೇ.

ಈಗ ಪೆಡಲ್. ಒಂದೇ ತಗೊಳ್ಳುವುದಾದರೆ ಐಬನೆಜ್ ಟ್ಯೂಬ್ ಸ್ಕ್ರೀಮರ್, ಇಲ್ಲವೇ ಅದೇ ಸರ್ಕ್ಯೂಟ್‌ನ ಕಡಿಮೆ ಬೆಲೆಯ ಯಾವುದಾದರೂ ಒಂದು. ಕಾರಣ, ಅದು 700 ಹರ್ಟ್ಸ್ ಆಸುಪಾಸಿನ ಮಿಡ್ ಅನ್ನು ಎತ್ತಿ ಕೊಡುತ್ತದೆ, ಬಾಸ್ ಅನ್ನು ಕಡಿಮೆ ಮಾಡುತ್ತದೆ. ಹುಡುಗರು ಪ್ರೊಸೆಸರ್‌ನಲ್ಲಿ ಮಾಡುವುದಕ್ಕೆ ಸರಿಯಾಗಿ ಉಲ್ಟಾ. ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಬಳಸುತ್ತಿದ್ದ ಪೆಡಲ್ ಅದು. ಡ್ರೈವ್ (ಡಿಸ್ಟಾರ್ಷನ್) ಕಡಿಮೆ, ಲೆವೆಲ್ (ಹೊರಗೆ ಬರುವ ಸದ್ದು) ಜಾಸ್ತಿ ಇಟ್ಟು ಶುರು ಮಾಡಿ. ಉಳಿದ ದುಡ್ಡಿಗೆ ತಂತಿ ತಂದಿಡಿ, ನಮ್ಮ ಮಳೆಗಾಲದಲ್ಲಿ ತಂತಿಗೆ ತುಕ್ಕು ಹಿಡಿಯಲು ಜಾಸ್ತಿ ದಿನ ಬೇಡ. ತುಕ್ಕು ಹಿಡಿದ ತಂತಿಯನ್ನು ಗಿಲ್ಮೋರ್ ಬಂದು ಎಳೆದರೂ ಅಷ್ಟೇ. ಪೆಡಲ್ ಹೊಸದೇ ಬೇಕು ಅಂತಿಲ್ಲ. ಗೋಣಿಕೊಪ್ಪದಲ್ಲೋ ಮೈಸೂರಿನಲ್ಲೋ ಯಾರಾದರೂ ಹಳೆಯದು ಮಾರುತ್ತಿದ್ದರೆ ಹೋಗಿ ನೋಡಿ. ಬ್ಯಾಟರಿ ಮುಚ್ಚಳ ತೆಗೆದು ಒಳಗೆ ಬೂಷ್ಟು ಇದೆಯಾ ಅಂತ ನೋಡುವುದು ಮರೆಯಬೇಡಿ. ಕೊಡಗಿನ ಪೆಡಲ್ ಆಗಿದ್ದರೆ ಇದ್ದೇ ಇರುತ್ತದೆ, ಅದನ್ನು ತೋರಿಸಿ ಐನೂರು ರೂಪಾಯಿ ಇಳಿಸಿ.